ಲಿನಕ್ಸ್ ಕರ್ನಲ್‌ನಲ್ಲಿ ಲಾಕಪ್ ಪತ್ತೆ

ಕರ್ನಲ್‌ನ ಕೋಡ್ ಸಿಪಿಯುವನ್ನು ಹಿಡಿದುಕೊಂಡು ಬಿಡದೆ ಹೋದಾಗ ಅದನ್ನು ಗುರುತಿಸಿ ವರದಿ ಮಾಡುವ ಕಾವಲು ವ್ಯವಸ್ಥೆಗೆ ಲಾಕಪ್ ಪತ್ತೆ ಎಂದು ಹೆಸರು. ಬೇರೆ ಕೆಲಸಗಳಿಗೆ ಸರದಿ ಸಿಗದಿದ್ದರೂ ಇಂಟರಪ್ಟ್‌ಗಳು ನಡೆಯುತ್ತಿದ್ದರೆ ಅದು ಸಾಫ್ಟ್ ಲಾಕಪ್. ಇಂಟರಪ್ಟ್‌ಗಳೂ ನಿಂತರೆ ಹಾರ್ಡ್ ಲಾಕಪ್. ಎರಡಕ್ಕೂ ಅಳತೆಗೋಲು ವಾಚ್‌ಡಾಗ್ ಥ್ರೆಶ್ ಎಂಬ ಒಂದೇ ಸಂಖ್ಯೆ. ಅದರ ಡೀಫಾಲ್ಟ್ ಬೆಲೆ 10 ಸೆಕೆಂಡು. ಪ್ರತಿ ಸಿಪಿಯುವಿನಲ್ಲೂ 4 ಸೆಕೆಂಡಿಗೊಮ್ಮೆ ಟೈಮರ್ ಬಂದು ಒಂದು ಪುಟ್ಟ ಕೆಲಸವನ್ನು ಸರದಿಗೆ ಹಚ್ಚುತ್ತದೆ. ಆ ಕೆಲಸ ನಡೆದಾಗಲೆಲ್ಲ ಸಮಯದ ಗುರುತು ಹೊಸದಾಗುತ್ತದೆ. ಗುರುತು ಆ ಸಂಖ್ಯೆಯ ಎರಡರಷ್ಟು, ಅಂದರೆ 20 ಸೆಕೆಂಡಿಗಿಂತ ಹಳತಾದರೆ ಸಾಫ್ಟ್ ಲಾಕಪ್ ಎಂದು ದಾಖಲಾಗುತ್ತದೆ. ಟೈಮರೇ ನಿಂತಿದೆಯೇ ಎಂಬುದನ್ನು ಸುಮಾರು 10 ಸೆಕೆಂಡಿಗೊಮ್ಮೆ ಬರುವ, ಯಾರೂ ತಡೆಹಿಡಿಯಲಾಗದ ಎನ್‌ಎಂಐ ಇಂಟರಪ್ಟ್ ಪರೀಕ್ಷಿಸುತ್ತದೆ. ಎನ್‌ಎಂಐ ಬಳಸಲಾಗದ ಯಂತ್ರಗಳಿಗಾಗಿ, ಒಂದು ಸಿಪಿಯು ತನ್ನ ನೆರೆಯ ಸಿಪಿಯುವನ್ನು ಕಾಯುವ ವಿಧಾನ 2023ರಲ್ಲಿ 6.5ನೇ ಆವೃತ್ತಿಯೊಂದಿಗೆ ಬಂತು.

ಈ ಸಂರಚನೆಯಲ್ಲಿ ಎರಡು ಬೇರೆ ಬೇರೆ ತೀರ್ಮಾನಗಳಿವೆ: ಲಾಕಪ್ಪನ್ನು ಕಾಣುವುದು ಒಂದು, ಕಂಡ ಮೇಲೆ ಏನು ಮಾಡಬೇಕೆಂಬುದು ಇನ್ನೊಂದು. ಮೂಲ ಕರ್ನಲ್‌ನ ಡೀಫಾಲ್ಟ್ ನಡೆ ಎಚ್ಚರಿಕೆಯನ್ನೂ ಸ್ಟ್ಯಾಕ್‌ನ ಜಾಡನ್ನೂ ಲಾಗ್‌ಗೆ ಬರೆದು ಮುಂದುವರಿಯುವುದು; ಪ್ಯಾನಿಕ್ ಆಗಬೇಕಾದರೆ, ಅಂದರೆ ಕರ್ನಲ್ ತನ್ನ ಓಟವನ್ನೇ ನಿಲ್ಲಿಸಬೇಕಾದರೆ, ಅದನ್ನು ಬೇರೆಯಾಗಿ ಕೇಳಬೇಕು. ಈ ವಿಂಗಡಣೆ ಸರಿಯಾದದ್ದು. ಕಾಣುವ ಕೆಲಸ ಎಲ್ಲ ಯಂತ್ರಗಳಿಗೂ ಸಮಾನ, ಪ್ರತಿಕ್ರಿಯೆ ಹಾಗಲ್ಲ. ಉಳಿಸದ ಬರಹ ತೆರೆದಿರುವ ಲ್ಯಾಪ್‌ಟಾಪ್‌ಗೆ ಪ್ಯಾನಿಕ್ ನಷ್ಟ. ಕೆಲಸವನ್ನು ವಹಿಸಿಕೊಳ್ಳಲು ಜೋಡಿ ಯಂತ್ರವಿರುವ ಸರ್ವರ್‌ಗೆ ಅರೆಜೀವವಾಗಿ ನಿಲ್ಲುವುದೇ ಹೆಚ್ಚಿನ ನಷ್ಟ. ಅಂಥ ಕಡೆ ಪ್ಯಾನಿಕ್ಕನ್ನು ಚಾಲೂ ಮಾಡಿದರಷ್ಟೇ ಸಾಲದು. ಪ್ಯಾನಿಕ್ ಆದ ಬಳಿಕ ಎಷ್ಟು ಸೆಕೆಂಡಿಗೆ ಮರುಚಾಲನೆ ಎಂಬ ಬೆಲೆ 0 ಇದ್ದರೆ ಯಂತ್ರ ಅಲ್ಲೇ ನಿಂತಿರುತ್ತದೆ. ಆ ಬೆಲೆಯನ್ನೂ ಕೊಟ್ಟು, ಮೆಮೊರಿಯ ಪ್ರತಿ ಉಳಿಸುವ ಕೆಡಂಪ್ ಅನ್ನೂ ಸಿದ್ಧವಿಟ್ಟಾಗಲೇ ಆ ಆಯ್ಕೆ ಪೂರ್ಣವಾಗುತ್ತದೆ.

ಕಾವಲು ಸುಳ್ಳು ಎಚ್ಚರಿಕೆ ಕೊಡುತ್ತದೆ, ಸಂಪನ್ಮೂಲ ತಿನ್ನುತ್ತದೆ ಎಂಬ ಆಕ್ಷೇಪಗಳಲ್ಲಿ ಸತ್ಯವಿದೆ. ವರ್ಚುವಲ್ ಯಂತ್ರದ ಸಿಪಿಯುವನ್ನು ಆತಿಥೇಯ ಯಂತ್ರ ಬಹಳ ಹೊತ್ತು ಓಡಿಸದಿದ್ದರೆ ತಪ್ಪಿಲ್ಲದ ಕೋಡ್ ಕೂಡ ಸಿಕ್ಕಿಕೊಂಡಂತೆ ಕಾಣುತ್ತದೆ. ಕೆವಿಎಂ ಅತಿಥಿಗಳಲ್ಲಿ ಹಾರ್ಡ್ ಲಾಕಪ್ ಪತ್ತೆ ಡೀಫಾಲ್ಟ್ ಆಗಿ ಬಂದ್ ಇರುವುದು ಇದೇ ಅಂಜಿಕೆಯಿಂದ. ಎನ್‌ಎಂಐ ಕಾವಲು ಪ್ರತಿ ಸಿಪಿಯುವಿನ ಒಂದು ಹಾರ್ಡ್‌ವೇರ್ ಕೌಂಟರನ್ನೂ ಬಳಸಿಕೊಳ್ಳುತ್ತದೆ. ಆದರೂ ಇವು ಕಾವಲನ್ನೇ ಕಿತ್ತುಹಾಕಲು ಕಾರಣಗಳಲ್ಲ, ಹೊಂದಿಸಿಕೊಳ್ಳಲು ಕಾರಣಗಳು. ವಾಚ್‌ಡಾಗ್ ಥ್ರೆಶ್ ಮಿತಿಯನ್ನು 60 ಸೆಕೆಂಡಿನವರೆಗೆ ಏರಿಸಬಹುದು, ಎನ್‌ಎಂಐ ಭಾಗವನ್ನಷ್ಟೇ ನಿಲ್ಲಿಸಬಹುದು, ಅಡ್ಡಿಯಿಲ್ಲದೆ ಓಡಬೇಕಾದ ಸಿಪಿಯುಗಳನ್ನು ಮಾಸ್ಕ್ ಮೂಲಕ ಹೊರಗಿಡಬಹುದು. ಮಿತಿಯನ್ನು 0 ಮಾಡಿದರೆ ಪತ್ತೆಕಾರ್ಯವೇ ಇಲ್ಲವಾಗುತ್ತದೆ. ಆಗಲೂ ಲಾಕಪ್ ಆಗುತ್ತದೆ. ಯಾವ ಸಿಪಿಯು ಯಾವ ಫಂಕ್ಷನ್‌ನಲ್ಲಿ ಸಿಕ್ಕಿಕೊಂಡಿತ್ತು ಎಂದು ಹೇಳುವ ಲಾಗ್‌ನ ಸಾಲುಗಳು ಮಾತ್ರ ಇರುವುದಿಲ್ಲ.