ಬೆಂಜೀನಿನ ರಚನೆ: ಶೋಧನೆಯ ಇತಿಹಾಸ

ಬೆಂಜೀನ್ ಆರು ಕಾರ್ಬನ್ ಮತ್ತು ಆರು ಹೈಡ್ರೋಜನ್ ಪರಮಾಣುಗಳುಳ್ಳ, ಬಣ್ಣವಿಲ್ಲದ, ಬೇಗ ಹೊತ್ತಿಕೊಳ್ಳುವ ದ್ರವ. 5.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, 80 ಡಿಗ್ರಿಯಲ್ಲಿ ಕುದಿಯುತ್ತದೆ. ವಸ್ತು ಕೈಗೆ ಸಿಕ್ಕ ಮೇಲೂ ಈ ಹನ್ನೆರಡು ಪರಮಾಣುಗಳು ಹೇಗೆ ಬೆಸೆದುಕೊಂಡಿವೆ ಎಂಬುದು ತೀರ್ಮಾನವಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ರಾಸಾಯನಿಕ ಬಂಧದ ಬಗ್ಗೆ ಇಂದು ಶಾಲೆ, ಪಿಯು ತರಗತಿಗಳಲ್ಲಿ ಕಲಿಸುವ ಅನೇಕ ವಿಚಾರಗಳನ್ನು ಒರೆಗೆ ಹಚ್ಚಿದ್ದು ಈ ಅಣುವಿನ ಮೇಲೆಯೇ.

ಬೆಂಜೀನನ್ನು 1825ರಲ್ಲಿ ಮೊದಲು ಬೇರ್ಪಡಿಸಿದವನು ಲಂಡನ್ನಿನ ಮೈಕೆಲ್ ಫ್ಯಾರಡೆ. ಆಗ ದೀಪ ಉರಿಸಲು ಎಣ್ಣೆಯಿಂದ ಅನಿಲ ತಯಾರಿಸಿ, ಅದನ್ನು ಅದುಮಿ ಪಾತ್ರೆಗಳಲ್ಲಿ ತುಂಬಿ ಮಾರುತ್ತಿದ್ದರು. ಹಾಗೆ ಅದುಮಿದಾಗ ತಳದಲ್ಲಿ ಎಣ್ಣೆಯಂಥ ದ್ರವ ಉಳಿಯುತ್ತಿತ್ತು. ಫ್ಯಾರಡೆ ಅದನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ, ತಣಿಸಿ, ಹರಳುಗಟ್ಟಿದ ಭಾಗವನ್ನು ಹಿಂಡಿ ಶುದ್ಧ ಮಾಡಿದ. 1834ರ ಹೊತ್ತಿಗೆ ಬರ್ಲಿನ್ನಿನ ಮಿಚರ್ಲಿಕ್ ಬೆಂಜೋಯಿಕ್ ಆಮ್ಲವನ್ನು ಸುಣ್ಣದೊಂದಿಗೆ ಕಾಸಿ ಇದೇ ದ್ರವವನ್ನು ಪಡೆದಿದ್ದ. 1840ರ ದಶಕದಲ್ಲಿ ಕಲ್ಲಿದ್ದಲ ಡಾಂಬರಿನಿಂದ ಇದನ್ನು ಹೇರಳವಾಗಿ ತೆಗೆಯುವ ದಾರಿ ತೋರಿಸಿದ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್, 1855ರಲ್ಲಿ ಬಟ್ಟಿ ಇಳಿಸುವಾಗ ಹೊತ್ತಿಕೊಂಡ ಬೆಂಕಿಯಲ್ಲಿ ಸುಟ್ಟುಕೊಂಡು ತೀರಿಕೊಂಡ.

ಒಗಟು ಹುಟ್ಟಿದ್ದು 1858ರ ನಂತರ. ಕಾರ್ಬನ್ನಿನ ವೇಲೆನ್ಸಿ ನಾಲ್ಕು, ಕಾರ್ಬನ್ ಪರಮಾಣುಗಳು ತಮ್ಮತಮ್ಮಲ್ಲೇ ಸರಪಳಿಯಾಗಿ ಕೂಡಬಲ್ಲವು ಎಂದು ಆ ವರ್ಷ ಜರ್ಮನಿಯ ಆಗಸ್ಟ್ ಕೆಕುಲೆ ಮತ್ತು ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಕೂಪರ್ ಬೇರೆಬೇರೆಯಾಗಿ ಸಾರಿದರು. ಆ ಲೆಕ್ಕದಂತೆ ಆರು ಕಾರ್ಬನ್ನಿನ ಸರಪಳಿಗೆ ಹದಿನಾಲ್ಕು ಹೈಡ್ರೋಜನ್ ಬೇಕು. ಹೆಕ್ಸೇನಿನಲ್ಲಿ ಇರುವುದೂ ಅಷ್ಟೇ. ಬೆಂಜೀನಿನಲ್ಲಿ ಇರುವುದು ಬರೀ ಆರು. ಕೊರತೆ ತುಂಬಲು ದ್ವಿಬಂಧಗಳಿವೆ ಎನ್ನೋಣವೆಂದರೆ ವಸ್ತುವಿನ ನಡತೆ ಅದಕ್ಕೆ ಒಪ್ಪುವುದಿಲ್ಲ. ದ್ವಿಬಂಧವುಳ್ಳ ಎಥಿಲೀನಿಗೆ ಬ್ರೋಮಿನ್ ಸೇರಿಸಿದರೆ ಕೆಂಗಂದು ಬಣ್ಣ ಕೂಡಲೇ ಮಾಯವಾಗುತ್ತದೆ. ಬೆಂಜೀನಿನಲ್ಲಿ ಬಣ್ಣ ಹಾಗೆಯೇ ನಿಲ್ಲುತ್ತದೆ. ಕಬ್ಬಿಣದ ಪುಡಿಯಂಥ ಕ್ರಿಯಾವರ್ಧಕವಿದ್ದರೆ ಕ್ರಿಯೆ ನಡೆದೀತು, ಆದರೆ ಅದು ಸಂಕಲನವಲ್ಲ, ಒಂದು ಹೈಡ್ರೋಜನ್ ಹೊರಬಿದ್ದು ಅಲ್ಲಿ ಬ್ರೋಮಿನ್ ಕೂರುವ ಆದೇಶನ ಕ್ರಿಯೆ.

1861ರಲ್ಲಿ ವಿಯೆನ್ನಾದ ಲೋಷ್ಮಿಟ್ ತನ್ನ ಪುಸ್ತಿಕೆಯಲ್ಲಿ ಬೆಂಜೀನಿನ ತಿರುಳನ್ನು ಒಂದು ವೃತ್ತವಾಗಿ ಬರೆದು, ಒಳಗಿನ ಜೋಡಣೆಯನ್ನು ತೀರ್ಮಾನಿಸದೆ ಬಿಟ್ಟ. ಆಗ ಬೆಲ್ಜಿಯಮ್ಮಿನ ಗೆಂಟ್‌ನಲ್ಲಿದ್ದ ಕೆಕುಲೆ 1865ರಲ್ಲಿ ಆರು ಕಾರ್ಬನ್‌ಗಳ ಉಂಗುರವನ್ನು ಮುಂದಿಟ್ಟ. ಉಂಗುರದಲ್ಲಿ ಏಕಬಂಧ, ದ್ವಿಬಂಧಗಳು ಒಂದಾದ ಮೇಲೊಂದು ಬರುತ್ತವೆ ಎಂಬುದು ಅವನ ವಾದ. ಈ ಉಂಗುರ ಹೊಳೆದದ್ದು ತನ್ನ ಬಾಲವನ್ನು ತಾನೇ ಕಚ್ಚಿದ ಹಾವಿನ ಕನಸಿನಿಂದ ಎಂದು ಅವನು ಬಹಿರಂಗವಾಗಿ ಹೇಳಿದ್ದು 25 ವರ್ಷಗಳ ಬಳಿಕ, 1890ರಲ್ಲಿ ಬರ್ಲಿನ್ನಿನಲ್ಲಿ ನಡೆದ ಅವನ ಸನ್ಮಾನದಲ್ಲಿ. ಕನಸು ಬಿದ್ದಿರಬಹುದು. ಆದರೆ ಉಂಗುರ ನಿಂತದ್ದು ಕನಸಿನ ಬಲದಿಂದಲ್ಲ, ಸಮಾಂಗಿಗಳ, ಅಂದರೆ ಒಂದೇ ಸೂತ್ರವಿದ್ದೂ ಜೋಡಣೆ ಬೇರೆಯಾದ ವಸ್ತುಗಳ, ಎಣಿಕೆಯಿಂದ.

ಆ ಎಣಿಕೆಯನ್ನು ಬಿಡಿಸಿ ನೋಡುವುದು ಒಳ್ಳೆಯದು. ಬೆಂಜೀನಿನ ಒಂದು ಹೈಡ್ರೋಜನ್ ತೆಗೆದು ಬ್ರೋಮಿನ್ ಕೂರಿಸಿದರೆ ಸಿಗುವುದು ಒಂದೇ ವಸ್ತು. ಅಂದರೆ ಆರೂ ಸ್ಥಾನಗಳು ಸಮಾನ. ಎರಡು ಬ್ರೋಮಿನ್ ಕೂರಿಸಿದರೆ ಮೂರು ಸಮಾಂಗಿಗಳು: ಪಕ್ಕಪಕ್ಕದ್ದು, ಒಂದು ಸ್ಥಾನ ಬಿಟ್ಟದ್ದು, ಎದುರುಬದುರಿನದು. ಆದರೆ ಸೀಸೆಯಲ್ಲಿರುವ ಪುಡಿ ಅಥವಾ ದ್ರವ ಈ ಮೂರರಲ್ಲಿ ಯಾವುದು? ಕೆಕುಲೆಯ ಶಿಷ್ಯ ವಿಲ್ಹೆಲ್ಮ್ ಕೋರ್ನರ್ 1874ರಲ್ಲಿ ಮಿಲಾನಿನಿಂದ ಇದಕ್ಕೆ ಉತ್ತರ ಕೊಟ್ಟ. ಮೂರನೆಯ ಬ್ರೋಮಿನನ್ನು ಕೂರಿಸಿ, ಎಷ್ಟು ಬಗೆಯ ವಸ್ತು ಬರುತ್ತದೆಂದು ಎಣಿಸಿದರಾಯಿತು. ಎದುರುಬದುರಿನದರಿಂದ ಒಂದೇ ಬರುತ್ತದೆ, ಪಕ್ಕಪಕ್ಕದ್ದರಿಂದ ಎರಡು, ಒಂದು ಬಿಟ್ಟದ್ದರಿಂದ ಮೂರು. ಕ್ಷ-ಕಿರಣವಿಲ್ಲ, ರೋಹಿತಮಾಪಕವಿಲ್ಲ, ಹರಳುಗಳನ್ನು ಬೇರ್ಪಡಿಸುವ ತಾಳ್ಮೆ ಮತ್ತು ತರ್ಕ, ಇವೆರಡರಿಂದಲೇ ಪರಮಾಣುಗಳ ಸ್ಥಾನ ಗುರುತಾಯಿತು. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರದಲ್ಲಿ ಇಷ್ಟು ಚೊಕ್ಕವಾದ ವಾದಗಳು ಕಡಿಮೆ.

ಕೆಕುಲೆಯ ಚಿತ್ರಕ್ಕೆ ಗಟ್ಟಿ ಆಕ್ಷೇಪ 1869ರಲ್ಲೇ ಬಂದಿತ್ತು. ಬ್ರೋಮಿನ್ ಹೊತ್ತ ಪಕ್ಕಪಕ್ಕದ ಎರಡು ಕಾರ್ಬನ್‌ಗಳ ನಡುವೆ ಏಕಬಂಧವಿದ್ದರೆ ಒಂದು ವಸ್ತು, ದ್ವಿಬಂಧವಿದ್ದರೆ ಇನ್ನೊಂದು, ಹೀಗೆ ಎರಡು ಸಿಗಬೇಕಲ್ಲ, ಸಿಗುವುದು ಒಂದೇ ಏಕೆ ಎಂದು ರಸಾಯನಶಾಸ್ತ್ರಜ್ಞ ಲಾಡೆನ್‌ಬರ್ಗ್ ಕೇಳಿದ. ಬದಲಿಗೆ ಪಟ್ಟಕದ ಆಕಾರವೊಂದನ್ನು ಸೂಚಿಸಿದ. ಬಂಧಗಳು ಬಿಡುವಿಲ್ಲದೆ ಜಾಗ ಬದಲಿಸುತ್ತವೆ ಎಂದು 1872ರಲ್ಲಿ ಕೆಕುಲೆ ಸಮಜಾಯಿಷಿ ಕೊಟ್ಟ. ದಿಕ್ಕು ಸರಿ, ಉತ್ತರ ಅರ್ಧ. ಲಾಡೆನ್‌ಬರ್ಗನ ಪಟ್ಟಕವೂ ಬರೀ ಕಲ್ಪನೆಯಾಗಿ ಉಳಿಯಲಿಲ್ಲ. 1973ರಲ್ಲಿ ಆ ಅಣುವನ್ನು ತಯಾರಿಸಿದರು. ಅದು ಪ್ರಿಸ್ಮೇನ್ ಎಂಬ ಬೇರೆಯೇ ವಸ್ತು.

ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು 1916ರಲ್ಲಿ ಅಮೆರಿಕದ ಜಿ. ಎನ್. ಲೂಯಿಸ್ ಹೇಳಿದ ಮೇಲೆ ಪ್ರಶ್ನೆಯ ರೂಪವೇ ಬದಲಾಯಿತು. 1925ರಲ್ಲಿ ರಸಾಯನಶಾಸ್ತ್ರಜ್ಞರಾದ ಆರ್ಮಿಟ್ ಮತ್ತು ರಾಬಿನ್ಸನ್ ಆರು ಎಲೆಕ್ಟ್ರಾನ್‌ಗಳು ಇಡೀ ಉಂಗುರಕ್ಕೆ ಸೇರಿದವು ಎಂದು ಸೂಚಿಸಿ ಷಡ್ಭುಜದೊಳಗೆ ವೃತ್ತ ಬರೆದರು. ಕಣ್ಣಿಗೆ ಕಾಣುವಂಥ ಸಾಕ್ಷಿ ಒದಗಿಸಿದವಳು ಲೀಡ್ಸ್‌ನಲ್ಲಿದ್ದ ಕ್ಯಾಥ್ಲೀನ್ ಲಾನ್ಸ್‌ಡೇಲ್. ಬೆಂಜೀನ್ ದ್ರವವಾದ್ದರಿಂದ ಈಕೆ ಅದರ ಘನರೂಪದ ಬಂಧು ಹೆಕ್ಸಾಮೀಥೈಲ್ ಬೆಂಜೀನಿನ ಹರಳಿಗೆ ಕ್ಷ-ಕಿರಣ ಹಾಯಿಸಿ, ಉಂಗುರ ಚಪ್ಪಟೆಯಾಗಿದೆ, ಸಮಭುಜವಾಗಿದೆ ಎಂದು 1929ರಲ್ಲಿ ತೋರಿಸಿದಳು. ಬೆಂಜೀನಿನ ಪ್ರತಿ ಕಾರ್ಬನ್-ಕಾರ್ಬನ್ ಬಂಧದ ಉದ್ದ ಸುಮಾರು 1.39 ಆಂಗ್‌ಸ್ಟ್ರಮ್, ಏಕಬಂಧದ 1.54ಕ್ಕೂ ದ್ವಿಬಂಧದ 1.34ಕ್ಕೂ ನಡುವಿನದು.

1931ರಲ್ಲಿ ಎರಿಕ್ ಹ್ಯೂಕೆಲ್ ಕ್ವಾಂಟಮ್ ಸಿದ್ಧಾಂತದಿಂದ, 1933ರಲ್ಲಿ ಪಾಲಿಂಗ್ ಮತ್ತು ವೀಲ್ಯಾಂಡ್ ಅನುರಣನದ, ಅಂದರೆ ಅಣುವಿನ ನಿಜರೂಪ ಹಲವು ಚಿತ್ರಗಳ ಬೆರಕೆ ಎಂಬ, ಕಲ್ಪನೆಯಿಂದ ಬಂಧಗಳ ಈ ಸಮಾನತೆಯನ್ನು ವಿವರಿಸಿದರು. ಅದೇ ದಶಕದಲ್ಲಿ ಹಾರ್ವರ್ಡಿನ ಕಿಸ್ಟಿಯಾಕೋವ್‌ಸ್ಕಿ ಮತ್ತು ಸಂಗಡಿಗರು ಹೈಡ್ರೋಜನ್ ಸೇರಿಸುವಾಗ ಬಿಡುಗಡೆಯಾಗುವ ಶಾಖವನ್ನು ಅಳೆದರು. ಒಂದು ದ್ವಿಬಂಧದ ಸೈಕ್ಲೊಹೆಕ್ಸೀನಿಗೆ ಮೋಲ್‌ಗೆ ಸುಮಾರು 120 ಕಿಲೊಜೂಲ್. ಮೂರು ದ್ವಿಬಂಧಕ್ಕೆ 360 ಬರಬೇಕಾದಲ್ಲಿ ಬೆಂಜೀನ್ ಕೊಟ್ಟದ್ದು ಸುಮಾರು 208. ಉಳಿದ 150ರಷ್ಟು ಕಿಲೊಜೂಲ್ ಎಲೆಕ್ಟ್ರಾನ್‌ಗಳು ಉಂಗುರದುದ್ದಕ್ಕೂ ಹರಡಿರುವುದರಿಂದ ಅಣುವಿಗೆ ದಕ್ಕಿದ ಸ್ಥಿರತೆ. ಬ್ರೋಮಿನ್ನಿನ ಬಣ್ಣ ಮಾಯವಾಗದಿದ್ದುದಕ್ಕೆ ಕಾರಣವೂ ಇದೇ. ಎಲೆಕ್ಟ್ರಾನ್‌ಗಳ ಈ ಹರಡಿಕೆಯ ಗುರುತು ಕಾಂತಗುಣದಲ್ಲೂ ಕಾಣುತ್ತದೆ: ಭಾರತದಲ್ಲಿ ಕೆ. ಎಸ್. ಕೃಷ್ಣನ್ ಮತ್ತು ಸಂಗಡಿಗರು ಇಂಥ ಉಂಗುರಗಳುಳ್ಳ ಹರಳುಗಳ ಕಾಂತಗುಣ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದನ್ನು ಅಳೆದರು.

ಇಂದಿನ ಪುಸ್ತಕಗಳಲ್ಲಿ ವೃತ್ತವಿರುವ ಷಡ್ಭುಜವೂ ಕೆಕುಲೆಯ ಚಿತ್ರವೂ ಎರಡೂ ಉಳಿದಿವೆ. ಆರೂ ಬಂಧಗಳು ಸಮಾನ ಎಂದು ತೋರಿಸಲು ಮೊದಲನೆಯದು, ಕ್ರಿಯೆಯಲ್ಲಿ ಎಲೆಕ್ಟ್ರಾನ್ ಜೋಡಿಗಳ ಜಾಡು ಹಿಡಿಯಲು ಎರಡನೆಯದು. ವಿದ್ಯಾರ್ಥಿಗಳು ಕೋರ್ನರನ ಎಣಿಕೆಯನ್ನು ಒಮ್ಮೆ ಕಾಗದದ ಮೇಲೆ ಸ್ವತಃ ಮಾಡಿ ನೋಡಬೇಕು; ಆರು ಮೂಲೆಯ ಚಿತ್ರ ಮತ್ತು ಒಂದು ಪೆನ್ಸಿಲ್ ಇದ್ದರೆ ಸಾಕು.