ವಿಸ್ಟಾ ಮತ್ತು ಯಂತ್ರಾಂಶ ತಯಾರಕರ ಸಿದ್ಧತೆ: ಒಂದು ಇ-ಮೇಲ್ ಸಾಕ್ಷ್ಯದ ಮರುಪರಿಶೀಲನೆ

ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ವಿಸ್ಟಾ 2007ರ ಜನವರಿ 30ರಂದು ಸಾರ್ವಜನಿಕ ಮಾರಾಟಕ್ಕೆ ಬಂದಾಗ ಪ್ರಿಂಟರ್, ಸ್ಕ್ಯಾನರ್, ಸೌಂಡ್ ಕಾರ್ಡ್, ಗ್ರಾಫಿಕ್ಸ್ ಚಿಪ್‌ಗಳ ತಯಾರಕರಲ್ಲಿ ಬಹಳ ಮಂದಿ ಅದಕ್ಕೆ ಸಿದ್ಧರಾಗಿರಲಿಲ್ಲ ಎಂಬ ಬಗ್ಗೆ ಯಾರಿಗೂ ತಕರಾರಿಲ್ಲ. ಏಕೆ ಸಿದ್ಧರಾಗಿರಲಿಲ್ಲ ಎಂಬ ಪ್ರಶ್ನೆಗೆ ಮಾತ್ರ 2008ರಿಂದೀಚೆಗೆ ಒಂದೇ ಉತ್ತರ ಬರಹದಿಂದ ಬರಹಕ್ಕೆ ದಾಟುತ್ತ ಬಂದಿದೆ. ಇಂಟೆಲ್ ಕಂಪನಿಯ ಹಿತ ಕಾಯಲು ಮೈಕ್ರೋಸಾಫ್ಟ್ ತನ್ನ ಅರ್ಹತಾ ಮಾನದಂಡವನ್ನು ಕೆಳಗಿಳಿಸಿತು, ಮಿಕ್ಕ ಅನಾಹುತವೆಲ್ಲ ಅದರ ಬೆನ್ನಿಗೇ ಬಂತು ಎಂಬುದು ಆ ಉತ್ತರ. ಇದರ ಮುಖ್ಯ ಆಧಾರವೆಂದರೆ ಒಂದು ಇ-ಮೇಲಿನ ಒಂದು ವಾಕ್ಯ. ಆ ವಾಕ್ಯ ಸುಳ್ಳೆಂದು ಸಾಧಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಅದರ ಮೇಲೆ ಹೊರಿಸಿರುವ ಭಾರವನ್ನು ಅದು ಹೊರಲಾರದು ಎಂಬುದನ್ನೂ, ಅದೇ ದಾಖಲೆಗಳ ಕಟ್ಟಿನಲ್ಲಿ ಅದಕ್ಕಿಂತ ಎಂಟು ದಿನ ಮೊದಲಿನ ಇನ್ನೊಂದು ಪತ್ರವನ್ನು ಓದುಗರು ಮೇಲೆಮೇಲೆ ನೋಡಿ ಬಿಟ್ಟಿದ್ದಾರೆ ಎಂಬುದನ್ನೂ ತೋರಿಸುವುದಷ್ಟೇ ಇಲ್ಲಿನ ಕೆಲಸ.

ಎರಡೂ ಪತ್ರಗಳು ಹೊರಬಿದ್ದದ್ದು ಅಮೆರಿಕದ ಸಿಯಾಟಲ್‌ನ ಫೆಡರಲ್ ನ್ಯಾಯಾಲಯದಲ್ಲಿ 2007ರಲ್ಲಿ ಹೂಡಲಾದ ‘ಕೆಲ್ಲಿ ವಿರುದ್ಧ ಮೈಕ್ರೋಸಾಫ್ಟ್’ ಮೊಕದ್ದಮೆಯಲ್ಲಿ. ವಿಸ್ಟಾ ಬರುವ ಮೊದಲೇ, 2006ರ ಏಪ್ರಿಲ್‌ನಿಂದ, ಎಕ್ಸ್‌ಪಿ ಹಾಕಿ ಮಾರುತ್ತಿದ್ದ ಕಂಪ್ಯೂಟರ್‌ಗಳಿಗೆ ‘ವಿಸ್ಟಾ ಕೇಪಬಲ್’ ಎಂಬ ಸ್ಟಿಕರ್ ಅಂಟಿಸಲಾಗುತ್ತಿತ್ತು. ಆ ಸ್ಟಿಕರ್ ನಂಬಿ ಕೊಂಡ ಯಂತ್ರಗಳಲ್ಲಿ ವಿಸ್ಟಾದ ಅತ್ಯಂತ ಸರಳ ಆವೃತ್ತಿ ಮಾತ್ರ ಓಡಿತು, ಏರೋ ಎಂಬ ಹೊಸ ಪಾರದರ್ಶಕ ಪರದೆ ವಿನ್ಯಾಸ ಓಡಲಿಲ್ಲ ಎಂಬುದು ದೂರು. 800 ಮೆಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ಮೆಮೊರಿ ಇದ್ದರೆ ಆ ಸ್ಟಿಕರ್ ಸಿಗುತ್ತಿತ್ತು. ಏರೋಗೆ ಬೇಕಾದ ‘ಪ್ರೀಮಿಯಂ ರೆಡಿ’ ದರ್ಜೆಗೆ 1 ಗಿಗಾಹರ್ಟ್ಸ್, 1 ಜಿಬಿ ಜೊತೆಗೆ ಹೊಸ ಡಿಸ್‌ಪ್ಲೇ ಡ್ರೈವರ್ ಮಾದರಿಗೆ ಹೊಂದುವ ಗ್ರಾಫಿಕ್ಸ್ ಚಿಪ್ ಬೇಕಿತ್ತು. ಡ್ರೈವರ್ ಎಂದರೆ ಒಂದು ಉಪಕರಣಕ್ಕೂ ಆಪರೇಟಿಂಗ್ ಸಿಸ್ಟಂಗೂ ನಡುವೆ ನಿಂತು ಕೆಲಸ ನಡೆಸಿಕೊಡುವ ತಂತ್ರಾಂಶ. ಅದನ್ನು ಬರೆಯಬೇಕಾದವರು ಸಾಮಾನ್ಯವಾಗಿ ಉಪಕರಣದ ತಯಾರಕರೇ.

ವಿವಾದದ ವಾಕ್ಯವಿರುವುದು 2007ರ ಫೆಬ್ರವರಿ 26ರ ಪತ್ರದಲ್ಲಿ. ಮೈಕ್ರೋಸಾಫ್ಟ್‌ನ ಒಬ್ಬ ಅಧಿಕಾರಿ ತನ್ನ ಸಹೋದ್ಯೋಗಿಗೆ ಬರೆಯುತ್ತ, ಇಂಟೆಲ್ ತನ್ನ 915 ಗ್ರಾಫಿಕ್ಸ್ ಅಡಕವಾದ ಮದರ್‌ಬೋರ್ಡುಗಳನ್ನು ಮಾರುತ್ತಲೇ ಇದ್ದು ಆ ತ್ರೈಮಾಸಿಕದ ಗಳಿಕೆಯ ಗುರಿ ಮುಟ್ಟಲೆಂದು ಕಂಪನಿ ಅರ್ಹತೆಯನ್ನು ಇಳಿಸಿತು ಎಂಬ ಅರ್ಥದ ಮಾತನ್ನು ಹೇಳುತ್ತಾನೆ. 2008ರ ಫೆಬ್ರವರಿಯಲ್ಲಿ ದಾಖಲೆಗಳ ಮುದ್ರೆ ಒಡೆದಾಗ ಪತ್ರಿಕೆಗಳು ಹಿಡಿದುಕೊಂಡದ್ದು ಇದನ್ನೇ. ಅಂದಿನ ಅವಸರದಲ್ಲಿ ವರದಿಗಾರರು ಹಾಗೆ ಮಾಡಿದ್ದನ್ನು ಒಪ್ಪಬಹುದು. ಅನಂತರ ನಿಧಾನವಾಗಿ ಕೂತು ಬರೆದವರೂ ಆ ವರದಿಗಳನ್ನೇ ಮೂಲವೆಂದು ನಂಬಿದ್ದನ್ನು ಒಪ್ಪುವುದು ಕಷ್ಟ.

ಮೊದಲು ಗಮನಿಸಬೇಕಾದದ್ದು ಕಾಲದ ಅಂತರವನ್ನು. ಹೊಸ ಡಿಸ್‌ಪ್ಲೇ ಡ್ರೈವರ್ ಮಾದರಿಯ ಷರತ್ತನ್ನು ಕೇಪಬಲ್ ದರ್ಜೆಯಿಂದ ಕೈಬಿಟ್ಟ ತೀರ್ಮಾನ 2006ರ ಜನವರಿಯ ಕೊನೆಯದು. ಪತ್ರ ಬರೆದದ್ದು ಅದಾಗಿ ಒಂದು ವರ್ಷದ ಮೇಲೆ, ವಿಸ್ಟಾ ಪೆಟ್ಟು ತಿಂದು ಕಂಪನಿಯೊಳಗೆ ತಪ್ಪು ಯಾರದೆಂಬ ಚರ್ಚೆ ಕಾವೇರಿದ್ದ ದಿನಗಳಲ್ಲಿ. ಬರೆದವನು ತೀರ್ಮಾನದಲ್ಲಿ ಭಾಗಿಯಾಗಿರಲಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿತು, ತನ್ನ ಒಳಗಿನ ಹಣಕಾಸಿನ ಬಗ್ಗೆ ಅವನಿಗೆ ತಿಳಿವಳಿಕೆ ಇರಲು ಸಾಧ್ಯವೇ ಇಲ್ಲವೆಂದು ಇಂಟೆಲ್ ಹೇಳಿತು. (ಎರಡೂ ಪ್ರತಿವಾದಗಳು ಸ್ವಹಿತದವು, ನಿಜ, ಆದರೆ ಸ್ವಹಿತದ ಮಾತೆಲ್ಲ ಸುಳ್ಳಾಗಬೇಕಿಲ್ಲ.) ಷರತ್ತು ಇಳಿದದ್ದು ಖಚಿತ, ಇಂಟೆಲ್‌ಗೆ ಅದರಿಂದ ಅನುಕೂಲವಾದದ್ದೂ ಖಚಿತ, ಅನಂತರ ಬಯಲಾದ ಪತ್ರಗಳು ಇಂಟೆಲ್‌ನ ಒತ್ತಾಯವನ್ನು ಪುಷ್ಟೀಕರಿಸುತ್ತವೆ, ‘ತ್ರೈಮಾಸಿಕ ಗಳಿಕೆ’ ಎಂಬ ಉದ್ದೇಶ ಮಾತ್ರ ಹೊರಗೆ ನಿಂತು ನೋಡಿದವನ ಊಹೆ.

ಇದಕ್ಕಿಂತ ದೊಡ್ಡ ತೊಡಕು ವ್ಯಾಪ್ತಿಯದು. 915 ಚಿಪ್‌ಸೆಟ್‌ಗೆ ಹೊಸ ಮಾದರಿಯ ಡ್ರೈವರನ್ನು ಇಂಟೆಲ್ ಕೊನೆಗೂ ಕೊಡಲಿಲ್ಲವಾದ್ದರಿಂದ ಅಂಥ ಯಂತ್ರಗಳಲ್ಲಿ ವಿಸ್ಟಾ ಎಕ್ಸ್‌ಪಿ ಕಾಲದ ಹಳೆಯ ಡ್ರೈವರ್ ಮಾದರಿಯ ಮೇಲೇ ನಡೆಯುತ್ತಿತ್ತು. ಚಂದ ಕಾಣುತ್ತಿರಲಿಲ್ಲ, ಆದರೆ ನಡೆಯುತ್ತಿತ್ತು. ಕುಸಿದು ಬೀಳುತ್ತಿದ್ದವುಗಳಲ್ಲಿ ಹೊಸ ಮಾದರಿಗೆ ಪೂರ್ತಿ ಅರ್ಹವಾದ ದುಬಾರಿ ಕಾರ್ಡುಗಳು ಎದ್ದು ಕಾಣುತ್ತವೆ. ಅದೇ ಮೊಕದ್ದಮೆಯ ಕಾಗದಗಳಲ್ಲಿರುವ ಮೈಕ್ರೋಸಾಫ್ಟ್‌ನ ಒಂದು ಲೆಕ್ಕದಂತೆ ವಿಸ್ಟಾ ಕುಸಿತಗಳಲ್ಲಿ ಶೇ. 28.8ರಷ್ಟು ಎನ್‌ವಿಡಿಯಾ ಡ್ರೈವರ್‌ಗಳಿಂದ ಆದವು, ಇಂಟೆಲ್‌ನ ಪಾಲು ಶೇ. 9ರ ಒಳಗಿತ್ತು. ಯಾವ ಕಂಪನಿಯ ಚಿಪ್ ಎಷ್ಟು ಯಂತ್ರಗಳಲ್ಲಿತ್ತು ಎಂಬುದನ್ನು ಈ ಲೆಕ್ಕ ಗಣನೆಗೆ ತೆಗೆದುಕೊಂಡಿಲ್ಲವಾದ್ದರಿಂದ ಇದನ್ನು ಎನ್‌ವಿಡಿಯಾ ವಿರುದ್ಧದ ತೀರ್ಪಾಗಿ ಓದುವಂತಿಲ್ಲ; ಎಲ್ಲ ಹೊಣೆಯನ್ನೂ 915ರ ತಲೆಗೆ ಕಟ್ಟುವವರಿಗೆ ಇದು ಅಡ್ಡ ಬರುತ್ತದೆ ಎಂಬಷ್ಟಕ್ಕೆ ಸಾಕು.

ಈಗ ಕಡೆಗಣಿತ ಪತ್ರ. 2007ರ ಫೆಬ್ರವರಿ 18ರಂದು ಸ್ಟೀವನ್ ಸಿನೋಫ್‌ಸ್ಕಿ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರ್‌ಗೆ ಬರೆದ ಇದರಲ್ಲಿ ಮೂರು ಕಾರಣಗಳಿವೆ. ವಿಸ್ಟಾ ನಿಜಕ್ಕೂ ಹೊರಬರುತ್ತದೆಂದು ಯಾರೂ ನಂಬಿರಲಿಲ್ಲ, ಆದ್ದರಿಂದ ತಯಾರಕರು 2006ರ ಕೊನೆಯವರೆಗೂ ಕೆಲಸಕ್ಕೆ ಕೈಹಾಕಲಿಲ್ಲ ಎಂಬುದು ಮೊದಲನೆಯದು. ವಿಡಿಯೋ ಮತ್ತು ಆಡಿಯೋ ವ್ಯವಸ್ಥೆಗಳ ತಳಪಾಯವನ್ನೇ ಬದಲಿಸಲಾಗಿತ್ತು ಎಂಬುದು ಎರಡನೆಯದು. ಎಕ್ಸ್‌ಪಿಯ ಎಷ್ಟೋ ಡ್ರೈವರ್‌ಗಳು ಹಾಗೂ ಅವುಗಳ ಜೊತೆಗೆ ಬರುವ ಸಣ್ಣ ತಂತ್ರಾಂಶಗಳು ಹೊಸ ಭದ್ರತಾ ಕಟ್ಟುಪಾಡಿನೊಳಗೆ ನಡೆಯಲೇ ಇಲ್ಲ ಎಂಬುದು ಮೂರನೆಯದು. ಪತ್ರದಲ್ಲಿ ಅವನ ಸ್ವಂತ ಬ್ರದರ್ ಪ್ರಿಂಟರಿನ ವಿವರವೂ ಇದೆ. ವಿಸ್ಟಾದಲ್ಲೇ ಅಡಕವಾದ ಡ್ರೈವರಿನಿಂದ ಮುದ್ರಣವಾಗುತ್ತಿತ್ತು, ಯಂತ್ರ ತಾನಾಗಿ ಫ್ಯಾಕ್ಸ್ ಕಳಿಸುತ್ತಿತ್ತು. ನೆಟ್‌ವರ್ಕ್ ಜೋಡಣೆ, ಸ್ಕ್ಯಾನಿಂಗ್, ಕಂಪ್ಯೂಟರಿನಿಂದ ಫ್ಯಾಕ್ಸ್ ಇವುಗಳಿಗೆ ಬ್ರದರ್ ಕಂಪನಿಯ ತಂತ್ರಾಂಶಕ್ಕಾಗಿ ಕಾಯಬೇಕಿತ್ತು. ಇಂಟೆಲ್ ಚಿಪ್‌ಸೆಟ್ಟಿಗೂ ಈ ಸ್ಕ್ಯಾನಿಂಗಿಗೂ ಯಾವ ಸಂಬಂಧವೂ ಇಲ್ಲ. ಇಷ್ಟು ಸ್ಪಷ್ಟವಾದ ವಿವರ ಕಣ್ಣೆದುರಿಗಿದ್ದೂ 915ರ ಸುತ್ತಲೇ ಗಿರಕಿ ಹೊಡೆದವರ ಬಗ್ಗೆ ಹೆಚ್ಚು ಹೇಳದಿರುವುದೇ ಮೇಲು.

ಸಿನೋಫ್‌ಸ್ಕಿ ನಿಷ್ಪಕ್ಷಪಾತ ಸಾಕ್ಷಿಯಲ್ಲ. ಆಫೀಸ್ ವಿಭಾಗದಲ್ಲಿದ್ದ ಅವನನ್ನು 2006ರ ಮಾರ್ಚ್‌ನಲ್ಲಿ ವಿಂಡೋಸ್ ಕಡೆಗೆ ತಂದದ್ದು ವಿಸ್ಟಾದ ನಂತರದ ಕೆಲಸಕ್ಕಾಗಿ, ವಿಸ್ಟಾವನ್ನು ನಡೆಸಿದ ಜಿಮ್ ಆಲ್ಚಿನ್ ಅದು ಮಾರಾಟಕ್ಕೆ ಬಂದೊಡನೆ ನಿವೃತ್ತನಾದ. ಹಿಂದಿನವರ ಹುಳುಕು ಎತ್ತಿ ತೋರಿಸುವುದರಿಂದ ಸಿನೋಫ್‌ಸ್ಕಿಗೆ ನಷ್ಟವೇನಿರಲಿಲ್ಲ. ಆದರೂ ಅವನ ಮೊದಲ ಕಾರಣಕ್ಕೆ ಹೊರಗಿನ ಆಧಾರವಿದೆ. ಲಾಂಗ್‌ಹಾರ್ನ್ ಎಂಬ ಸಂಕೇತನಾಮದಲ್ಲಿ ಇದೇ ವ್ಯವಸ್ಥೆಯನ್ನು 2003ರ ಅಕ್ಟೋಬರ್‌ನಲ್ಲಿ ತಂತ್ರಾಂಶಕಾರರ ಸಮ್ಮೇಳನದಲ್ಲಿ ಪ್ರದರ್ಶಿಸಲಾಯಿತು. 2004ರ ಆಗಸ್ಟ್‌ನಲ್ಲಿ ವಿನ್‌ಎಫ್‌ಎಸ್ ಎಂಬ ಕಡತ ಸಂಗ್ರಹ ವ್ಯವಸ್ಥೆಯನ್ನು ಕೈಬಿಟ್ಟು 2006ರ ಗಡುವು ಹಾಕಲಾಯಿತು. 2006ರ ಮಾರ್ಚ್ 21ರಂದು ಆ ಗಡುವನ್ನೂ ಮುಂದಿನ ಜನವರಿಗೆ ತಳ್ಳಲಾಯಿತು. ಪ್ರತಿ ಸಲವೂ ಮೊದಲು ಡ್ರೈವರ್ ಬರೆಯಲು ಕೂತ ತಯಾರಕ ಮತ್ತೆ ತಿದ್ದಬೇಕಾಗುತ್ತಿತ್ತು, ಸುಮ್ಮನಿದ್ದವನಿಗೆ ಖರ್ಚು ಉಳಿಯುತ್ತಿತ್ತು.

ಈ ಬೆಳಕಿನಲ್ಲಿಟ್ಟು ನೋಡಿದರೆ 915ರ ಪ್ರಕರಣಕ್ಕೂ ಸರಿಯಾದ ಜಾಗ ಸಿಗುತ್ತದೆ. ಮೊದಲ ಷರತ್ತನ್ನು ನಂಬಿ ಅದಕ್ಕೆ ಹೊಂದುವ ಗ್ರಾಫಿಕ್ಸ್ ಯಂತ್ರಾಂಶಕ್ಕೆ ಹಣ ಹೂಡಿದ್ದ ಎಚ್‌ಪಿ, ಷರತ್ತು ಇಳಿದಾಗ ಕಟುವಾಗಿ ಆಕ್ಷೇಪಿಸಿತು. ಅದರ ಪೈಪೋಟಿದಾರರು ಅಗ್ಗದ 915 ಬೋರ್ಡುಗಳಿಗೇ ಅದೇ ಸ್ಟಿಕರ್ ಅಂಟಿಸಿ ಮಾರುವಂತಾಯಿತು. ಸಿದ್ಧರಾದವರಿಗೆ ದಂಡ, ಆಗದವರಿಗೆ ರಿಯಾಯಿತಿ ಎಂಬ ಪಾಠವನ್ನು ಗಡುವುಗಳ ಮುಂದೂಡಿಕೆ ಮೊದಲೇ ಕಲಿಸಿತ್ತು, ಮಾನದಂಡದ ಇಳಿಕೆ ಅದನ್ನೇ ಮತ್ತೊಮ್ಮೆ ಒಪ್ಪಿಸಿತು. ಅಂದರೆ ಜನಪ್ರಿಯ ಓದು ಕಾರಣವೆಂದು ಬಗೆದದ್ದು ಅದೇ ರೋಗದ ಇನ್ನೊಂದು ಲಕ್ಷಣ.

ತಯಾರಕರಿಗೆ ಸಾಕಷ್ಟು ಕಾಲಾವಕಾಶ ಸಿಗಲಿಲ್ಲ ಎಂಬ ಮತ್ತೊಂದು ವಾದವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ವಿಸ್ಟಾದ ಅಂತಿಮ ಪ್ರತಿ ತಯಾರಾದದ್ದು 2006ರ ನವೆಂಬರ್ 8ರಂದು, ಸಾರ್ವಜನಿಕ ಮಾರಾಟಕ್ಕೆ 83 ದಿನ ಮೊದಲು. ಡ್ರೈವರ್‌ಗಳ ವಿಷಯದಲ್ಲಿ ಅಂಥ ರಂಪವಿಲ್ಲದೆ ಬಂದ ವಿಂಡೋಸ್ 7ರ ಅಂತಿಮ ಪ್ರತಿ 2009ರ ಜುಲೈ 22ರದು, ಮಾರಾಟ ಅಕ್ಟೋಬರ್ 22ಕ್ಕೆ. ನಡುವಿನದು 92 ದಿನ. ಒಂಬತ್ತು ದಿನಗಳ ವ್ಯತ್ಯಾಸದಿಂದ ಇಷ್ಟೊಂದು ಬದಲಾವಣೆ ಆಗಲಾರದು. ವಿಂಡೋಸ್ 7 ಡ್ರೈವರ್ ಮಾದರಿಯ ತಳಪಾಯವನ್ನು ಕದಲಿಸಲಿಲ್ಲ, ವಿಸ್ಟಾಕ್ಕೆ ಬರೆದ ಡ್ರೈವರ್‌ಗಳಲ್ಲಿ ಹೆಚ್ಚಿನವು ಅದರಲ್ಲಿಯೂ ನಡೆದವು, ಹೇಳಿದ ದಿನಕ್ಕೆ ಅದು ಬಂತು. ವಿಸ್ಟಾ ಕಾಲದಲ್ಲಿ ತಯಾರಕರು ತಡವಾಗಿ ಬರೆದ ಡ್ರೈವರ್‌ಗಳ ಫಲವನ್ನು ಉಂಡದ್ದು ವಿಂಡೋಸ್ 7. ಅದರ ಯಶಸ್ಸನ್ನೆಲ್ಲ ಸಿನೋಫ್‌ಸ್ಕಿಯ ಶಿಸ್ತಿನ ಖಾತೆಗೇ ಜಮೆ ಮಾಡುವ ಅವನ ಅಭಿಮಾನಿಗಳು ಇದನ್ನು ಮರೆಯುತ್ತಾರೆ.

ನ್ಯಾಯಾಧೀಶೆ ಮಾರ್ಷಾ ಪೆಕ್‌ಮನ್ 2008ರ ಫೆಬ್ರವರಿಯಲ್ಲಿ ಖರೀದಿದಾರರೆಲ್ಲರ ಪರವಾದ ಸಮೂಹ ದಾವೆಯೆಂದು ಕೆಲ್ಲಿ ಪ್ರಕರಣಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಮರುವರ್ಷ ಫೆಬ್ರವರಿ 18ರಂದು ತಾವೇ ಹಿಂತೆಗೆದುಕೊಂಡರು. ತ್ರೈಮಾಸಿಕ ಗಳಿಕೆಯ ಆ ವಾಕ್ಯ ಪೂರ್ಣ ವಿಚಾರಣೆಯಲ್ಲಿ ಒರೆಗೆ ಹತ್ತಲೇ ಇಲ್ಲ. ಅದನ್ನು ಸಾಬೀತಾದ ಸಂಗತಿಯಂತೆ ಬರೆಯುವುದು ಇನ್ನಾದರೂ ನಿಲ್ಲಬೇಕು.