ಹಿಂಡು ಕಾಯ್ದವರು ಯಾರು?

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾಯಿಯೊಂದನ್ನು ಸ್ಮರಿಸುವ ಕಲ್ಲಿದೆ. ಮದ್ದೂರು ತಾಲೂಕಿನ ಆತಕೂರಿನಿಂದ ತಂದ, ಕ್ರಿ.ಶ. 949-50ರ ಶಾಸನವದು. ಕಾಡುಹಂದಿಯೊಡನೆ ಕಾದಾಡಿ ಸತ್ತ 'ಕಾಳಿ' ಅರಸರ ಬೇಟೆನಾಯಿ. ಆದರೆ ಬಡವರ ಕುರಿ ಕಾಯ್ದ ಹಟ್ಟಿಯ ನಾಯಿಗಳ ಚರಿತ್ರೆಯನ್ನು ನಾವು ಕುರುಬರ ಬದುಕಿನಲ್ಲೇ ಹುಡುಕಬೇಕು.

ಯಲಹಂಕ, ಹೆಸರಘಟ್ಟದ ಬಯಲುಗಳಲ್ಲಿ ಹತ್ತಿಪ್ಪತ್ತು ಕುರಿ ಸಾಕುವವನ ಬಳಿ ಕೋವಿ ಎಲ್ಲಿಂದ ಬರಬೇಕು? ಜಾಲಿಮುಳ್ಳಿನ ರೊಪ್ಪ, ಕೈಯಲ್ಲೊಂದು ದೊಣ್ಣೆ, ಹೆಗಲಿಗೆ ಕಂಬಳಿ, ಬೊಗಳಿ ಎಚ್ಚರಿಸುವ ನಾಯಿ, ಇರುಳಿಗೆ ಬೆಂಕಿ: ಇವೇ ಅವನ ಆಯುಧಗಳು. ಇವೆಲ್ಲಕ್ಕಿಂತ ದೊಡ್ಡದು ಜೊತೆಗಾರಿಕೆ. ಸಣ್ಣ ಹಿಂಡುಗಳು ಒಟ್ಟಾಗಿ ಮೇಯುತ್ತಿದ್ದವು. ಗೊಬ್ಬರದ ಆಸೆಗೆ ರೈತ ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಕಾಳು ಕೊಡುತ್ತಿದ್ದ. ರೈತನ ನೆಲ, ಕುರುಬನ ಕಾವಲು ಎರಡೂ ಸೇರಿ ಕುರಿ ಉಳಿಯುತ್ತಿತ್ತು.

ಹಿಂಡು ಬಿಟ್ಟ ಕುರಿಯನ್ನೇ ತೋಳ ತಿನ್ನುತ್ತದೆಂಬ ಹೋಲಿಕೆಯಿಂದ ಪ್ರವಾದಿ(ಸ)ಯವರು ಒಗ್ಗಟ್ಟಿನ ಮಹತ್ವ ತಿಳಿಸಿದ್ದರು. ಸ್ವತಃ ಮಕ್ಕಾದವರ ಕುರಿ ಮೇಯಿಸಿದ್ದವರ ಮಾತದು. ಮನೆಯಲ್ಲಿ ನಾಯಿ ಸಾಕಲು ಹಿಂಜರಿಯುವ ನಮ್ಮ ಸಮುದಾಯಕ್ಕೆ ಇನ್ನೊಂದು ಮಾತೂ ನೆನಪಿರಬೇಕು: ಹಿಂಡು, ಹೊಲ ಕಾಯಲು ಮತ್ತು ಬೇಟೆಗೆ ನಾಯಿ ಸಾಕಬಹುದೆಂದು ಹದೀಸ್‌ಗಳಲ್ಲೇ ಅನುಮತಿಯಿದೆ. ತುರ್ಕಿಯ ಕುರುಬರು ತೋಳಕ್ಕೆ ಕೊರಳು ಸಿಗದಿರಲೆಂದು ತಮ್ಮ ಕಂಗಾಲ್ ನಾಯಿಗಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುತ್ತಾರೆ.

ಬ್ರಿಟಿಷ್ ಭಾರತದಲ್ಲಿ ತೋಳ ಕೊಂದವರಿಗೆ ಬಹುಮಾನವಿತ್ತು. ಈಗ 1972ರ ವನ್ಯಜೀವಿ ಕಾಯ್ದೆ ತೋಳವನ್ನು ರಕ್ಷಿಸುತ್ತದೆ. ಅದು ಸರಿಯೇ. ಆದರೆ ಉತ್ತರ ಬೆಂಗಳೂರಿನಲ್ಲಿ ಕುರಿಹಿಂಡುಗಳು ಕರಗಿದ್ದಕ್ಕೆ ತೋಳ ಕಾರಣವಲ್ಲ. ಗೋಮಾಳ, ಕೆರೆಯಂಗಳಗಳು ಬಡಾವಣೆಗಳಾದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಆ ದಾರಿಯ ನೆಲಕ್ಕೆ ಚಿನ್ನದ ಬೆಲೆ ಬಂತು. ಮೇಯಲು ಜಾಗವಿಲ್ಲದೆ ಹಿಂಡು ಚಿಕ್ಕದಾಯಿತು, ಕಾಯುವವನು ಒಂಟಿಯಾದ. ಒಂಟಿಯಾದವನ ಕುರಿಗೆ ಚಿರತೆಯಷ್ಟೇ ಅಲ್ಲ, ಕಸದ ರಾಶಿ ತಿಂದು ಬೆಳೆದ ಬೀದಿನಾಯಿಗಳ ಗುಂಪೂ ಯಮ.

ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶವಾಗಿಸಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಹುಲ್ಲು ಉಳಿಯುವುದು ಸಂತೋಷವೇ. ಆ ಹುಲ್ಲನ್ನು ನಂಬಿದ ಕುರಿಗಾಹಿಯ ಹಕ್ಕೂ ಉಳಿಯಬೇಕಲ್ಲವೇ? ಬಕ್ರೀದ್‌ಗೆ ಕುರಿಯ ಹಲ್ಲು ನೋಡಿ ಬೆಲೆ ಕಟ್ಟುವ ನಾವು, ಆ ಕುರಿಗಾಗಿ ಇರುಳೆಲ್ಲ ಎಚ್ಚರವಿದ್ದವನನ್ನೂ ನೆನೆಯಬೇಕು. ಅವನ ಗೋಮಾಳದ ಪ್ರಶ್ನೆಯಲ್ಲಿ ಅವನನ್ನು ಒಂಟಿಯಾಗಿ ಬಿಡಬಾರದು.